ತಂಗಿಯ ಸಾಲು

ಸಮುದ್ರವನ್ನು ಹಿಂದಕ್ಕೆ ತಳ್ಳಿ ಬದುಕಿದ ಜನರ ನಾಡೊಂದಿತ್ತು. ಅಲ್ಲಿನ ಗದ್ದೆಗಳು ಕಡಲಿಗಿಂತ ತಗ್ಗಿನಲ್ಲಿದ್ದವು. ಉಬ್ಬರದಲ್ಲಿ ನೀರು ಮೇಲೆದ್ದು ಏರಿಯ ಆಚೆಯಿಂದ ಮನೆಗಳ ಮಾಡನ್ನು ಇಣುಕಿ ನೋಡುತ್ತಿತ್ತು. ಇಳಿತದಲ್ಲಿ ಕೆಂಪು ಕೆಸರಿನ ಬಯಲನ್ನು ಬಿಟ್ಟು ಕಣ್ಣಿಗೆ ಕಾಣದಷ್ಟು ದೂರ ಸರಿಯುತ್ತಿತ್ತು. ಜನ ಜೇಡಿಮಣ್ಣು ಹೊತ್ತು ಏರಿ ಕಟ್ಟಿದ್ದರು. ಏರಿಯ ಬುಡದಲ್ಲಿ ಮರದ ತೂಬು ಇಟ್ಟು, ತೂಬಿಗೆ ಹೊರಮುಖವಾಗಿ ಮಾತ್ರ ತೆರೆಯುವ ಬಾಗಿಲು ಕೂರಿಸಿದ್ದರು. ಒಳಗಿನ ಮಳೆನೀರು ಆಚೆ ಹೋಗುತ್ತಿತ್ತು, ಆಚೆಯ ಉಪ್ಪುನೀರು ಒಳಗೆ ಬರುತ್ತಿರಲಿಲ್ಲ. ಹಾಗೆ ಸಿಹಿಯಾದ ನೆಲದಲ್ಲಿ ಗೋಧಿ ಬೆಳೆಯುತ್ತಿತ್ತು, ಸೇಬು ಹಣ್ಣಾಗುತ್ತಿತ್ತು.

ಆ ನಾಡಿನಲ್ಲಿ ಪ್ರತಿಯೊಬ್ಬರಿಗೂ ಒಂದು ಸಾಲು ಇತ್ತು. ಸಾಲು ಅಂದರೆ, ಅವರಿಂದ ಹಿಡಿದು ಮೊಟ್ಟಮೊದಲು ಏರಿಗೆ ಮಣ್ಣು ಹಾಕಿದವನ ತನಕ, ಹೆತ್ತವರ ಮತ್ತು ಅವರನ್ನು ಹೆತ್ತವರ ಹೆಸರುಗಳು. ಆ ಹೆಸರುಗಳು ಹುಟ್ಟಿದ ಹೊತ್ತಿನಿಂದಲೋ ಮಾಡಿದ ಕೆಲಸದಿಂದಲೋ ಬಂದವು. ಮಗು ಹುಟ್ಟಿದಾಗ ಸಾಲು ಹೇಳಬೇಕು. ಮದುವೆಯಲ್ಲಿ ಸಾಲು ಹೇಳಬೇಕು. ಮಣ್ಣು ಮಾಡುವಾಗ ಸಾಲು ಹೇಳಬೇಕು. ಹೇಳದಿದ್ದರೆ ಮಗು ಇನ್ನೂ ಹುಟ್ಟಿಲ್ಲ, ಮದುವೆ ಇನ್ನೂ ಆಗಿಲ್ಲ, ಸತ್ತವರು ಇನ್ನೂ ಹೋಗಿಲ್ಲ ಎಂದೇ ಅವರ ತಿಳಿವಳಿಕೆ. ಜನರ ಮುಂದೆ ಒಮ್ಮೆ ಹೇಳಿದ ಸಾಲನ್ನು ಯಾರೂ ತಿದ್ದುವ ಹಾಗಿಲ್ಲ.

ಇನ್ನೂ ಒಂದು ಕಟ್ಟಳೆ. ತನ್ನ ಸಾಲನ್ನು ತಾನೇ ಹೇಳಿಕೊಳ್ಳುವ ಹಾಗಿಲ್ಲ. ಮನೆಯವರೊಬ್ಬರು ಎದ್ದು ನಿಂತು ಹೇಳಬೇಕು.

"ಯಾಕಮ್ಮಾ? ನನಗೆ ಬಾಯಿಪಾಠ ಬರುತ್ತದಲ್ಲ" ಎಂದು ಹುಡುಗಿಯೊಬ್ಬಳು ತಾಯಿಯನ್ನು ಕೇಳಿದ್ದಳು. ಅವಳು ಇಳಿತದ ಹೊತ್ತಿನಲ್ಲಿ ಹುಟ್ಟಿದವಳು, ಹಾಗಾಗಿ ಅವಳ ಹೆಸರು ಇಳಿತದವಳು. ಅವಳ ತಂಗಿ ಉಬ್ಬರದಲ್ಲಿ ಹುಟ್ಟಿದವಳು, ಅವಳು ಉಬ್ಬರದವಳು. ಮನೆಯಲ್ಲಿ ಮಾತ್ರ ಅಕ್ಕ, ತಂಗಿ ಅಷ್ಟೇ.

ತಾಯಿ ಅವಳ ಜಡೆ ಹೆಣೆಯುತ್ತಿದ್ದಳು. "ನಿನ್ನ ಬೆನ್ನು ನಿನಗೆ ಕಾಣುತ್ತೇನೇ?"

"ಇಲ್ಲ."

"ಸಾಲೂ ನಮ್ಮ ಬೆನ್ನ ಹಿಂದಿರೋದು. ಇನ್ನೊಬ್ಬರು ನೋಡಿ ಹೇಳಬೇಕು. ಸುಮ್ಮನೆ ಕೂತ್ಕೋ, ಅಲ್ಲಾಡಬೇಡ."

ಇಷ್ಟರಲ್ಲಿ ಕಡಲಾಚೆಯ ರಾಜನೊಬ್ಬ ಆ ನಾಡನ್ನು ಗೆದ್ದುಕೊಂಡ. ಅವನ ಸಿಪಾಯಿಗಳು ಬೇರೆ ಮಾತಿನವರು. ನಮ್ಮ ಪರವಾಗಿ ಕತ್ತಿ ಹಿಡಿಯುತ್ತೇವೆಂದು ಆಣೆ ಇಡಿ ಎಂದರು. ಏರಿಯವರು, ನಾವು ಯಾರ ಪರವಾಗಿಯೂ ಯಾರ ಮೇಲೂ ಕತ್ತಿ ಹಿಡಿಯುವವರಲ್ಲ, ನಮಗೆ ಸಮುದ್ರದ ಜೊತೆಗಿನ ಜಗಳವೇ ಸಾಕಾಗಿದೆ ಎಂದರು. ಅದು ತಮಾಷೆಯ ಮಾತಲ್ಲ, ಆದರೆ ಸಿಪಾಯಿಗಳಿಗೆ ಹಾಗೆ ಕೇಳಿಸಿತೋ ಏನೋ. ಸುಗ್ಗಿಯ ಒಂದು ದಿನ ಗಂಡಸರನ್ನೆಲ್ಲ ಪ್ರಾರ್ಥನೆಯ ಮನೆಗೆ ಕರೆದು ಬಾಗಿಲು ಹಾಕಿದರು. ಕೊಲ್ಲಿಯಲ್ಲಿ ಹಡಗುಗಳು ಬಂದು ನಿಂತವು. ಗಂಡಸರ ಹಡಗು ಮೊದಲು ಹೊರಟಿತು. ಅದರಲ್ಲಿ ಅಕ್ಕತಂಗಿಯರ ತಂದೆಯೂ ಇದ್ದ. ಆ ಹಡಗು ಯಾವ ದಡವನ್ನೂ ಮುಟ್ಟಲಿಲ್ಲ ಎಂದು ಬಹಳ ಕಾಲದ ಮೇಲೆ ತಿಳಿಯಿತು.

ಆಮೇಲೆ ಹೆಂಗಸರು, ಮಕ್ಕಳು. ಹಿಂದೆ ಮನೆಗಳಿಗೆ ಬೆಂಕಿ ಬಿದ್ದಿತ್ತು. ತಾಯಿಯ ಸೊಂಟದ ಮೇಲೆ ತಂಗಿ. ತಾಯಿಯ ಹೊದಿಕೆಯ ಅಂಚು ಹಿಡಿದುಕೊಂಡು ಅಕ್ಕ. ಕೆಂಪು ಕೆಸರಿನಲ್ಲಿ ಮೊಣಕಾಲಿನವರೆಗೆ ಹೂತು ಹೂತು ದೋಣಿಯ ಬಳಿ ಬಂದರು. ತಾಯಿ ಹತ್ತಿದಳು. ಅಕ್ಕ ಕಾಲೆತ್ತುವಷ್ಟರಲ್ಲಿ ಸಿಪಾಯಿಯೊಬ್ಬ ಹುಟ್ಟನ್ನು ಅಡ್ಡ ಹಿಡಿದ. ದೋಣಿ ತುಂಬಿತ್ತು. ಅವನಿಗೆ ಕೋಪವೇನೂ ಇರಲಿಲ್ಲ. ಮುಂದಿನ ದೋಣಿ ಎಂಬಂತೆ ಕೈ ತೋರಿಸಿದ. ಮುಂದಿನ ದೋಣಿ ಬೇರೆ ಹಡಗಿನದು.

ತಾಯಿ ದೋಣಿಯಲ್ಲಿ ಎದ್ದು ನಿಂತಳು. ಅಳಲಿಲ್ಲ, ಹೆಸರು ಹಿಡಿದು ಕೂಗಲಿಲ್ಲ. ಮಗಳ ಸಾಲು ಹೇಳತೊಡಗಿದಳು. ಮದುವೆಯಲ್ಲಿ ಹೇಳುವಂತೆ, ಮೊದಲಿನಿಂದ ಕೊನೆಯವರೆಗೆ, ಮತ್ತೆ ಮೊದಲಿನಿಂದ. ದಡದಲ್ಲಿ ನಿಂತ ಅಕ್ಕ ಬೇರೇನೂ ತೋಚದೆ ತಂಗಿಯ ಸಾಲು ಹೇಳತೊಡಗಿದಳು. ಉಬ್ಬರದವಳು. ಅವಳ ತಾಯಿ ತೂಬು ಕಾದವಳು. ಅವಳ ತಂದೆ ಉಪ್ಪುಹುಲ್ಲು ಕೊಯ್ದವನು. ಅವನ ತಾಯಿ ಸೇಬಿನ ಸಸಿ ತಂದವಳು. ಅವಳ ತಂದೆ ಮೊದಲ ಬುಟ್ಟಿ ಮಣ್ಣು ಹೊತ್ತವನು. ಎರಡು ದನಿಗಳ ನಡುವೆ ನೀರು ಹೆಚ್ಚುತ್ತ ಹೋಯಿತು. ಕೊನೆಗೆ ಅಕ್ಕನಿಗೆ ತನ್ನ ದನಿಯೊಂದೇ ಕೇಳಿಸಿತು.

ಅವಳನ್ನು ಇಳಿಸಿದ್ದು ಇಟ್ಟಿಗೆಯ ಮನೆಗಳ ಒಂದು ಬಂದರಿನಲ್ಲಿ. ಊರಿನವರು ಹಡಗಿನಿಂದ ಇಳಿದವರನ್ನು ಒಳಗೆ ಬಿಡಲೂ ಇಲ್ಲ, ಹೊರಗೆ ಹಾಕಲೂ ಇಲ್ಲ. ಚರ್ಮ ಹದ ಮಾಡುವ ಅಂಗಳದ ಹಿಂದೆ ಒಂದು ಓಣಿ ತೋರಿಸಿದರು. ಏರಿಯವರು ಅಲ್ಲಿ ಮೂಟೆ ಹೊತ್ತರು, ನೂಲು ತೆಗೆದರು, ಪೀಪಾಯಿ ಕಟ್ಟಿದರು. ಅಕ್ಕ ಮುದುಕಿಯೊಬ್ಬಳ ಜೊತೆ ಇದ್ದು ನೂಲು ತೆಗೆಯುತ್ತ ದೊಡ್ಡವಳಾದಳು. ಓಣಿಯಲ್ಲಿ ಕೆಸರಿಲ್ಲದಿದ್ದರೂ, ಹೊಸ್ತಿಲು ದಾಟಿದ ಮೇಲೆ ತಿರುಗಿ ಬಗ್ಗಿ ಹೊಸ್ತಿಲನ್ನು ಒರೆಸುವ ಏರಿಯ ನಾಡಿನ ಅಭ್ಯಾಸವನ್ನು ಯಾರೂ ಬಿಟ್ಟಿರಲಿಲ್ಲ.

ಸಾಲಿನ ಕಟ್ಟಳೆಯನ್ನೂ ಬಿಟ್ಟಿರಲಿಲ್ಲ. ಓಣಿಗೆ ಹಿರಿಯಜ್ಜ ಒಬ್ಬನಿದ್ದ. ಮದುವೆ, ಮಣ್ಣು ಎಲ್ಲ ಅವನ ಎದುರಿಗೇ ಆಗಬೇಕು. "ಗದ್ದೆ ಅವರ ಹತ್ತಿರ ಉಳಿಯಿತು. ಏರಿ ಅವರ ಹತ್ತಿರ ಉಳಿಯಿತು. ಇದೊಂದು ನಮ್ಮ ಬಾಯಲ್ಲಿ ಉಳಿದಿದೆ" ಎನ್ನುತ್ತಿದ್ದ. ಅವನ ಮಾತಿಗೆ ಎದುರಾಡುವವರು ಇರಲಿಲ್ಲ.

ಒಂದು ಸಲ ಓಣಿಯಲ್ಲಿ ಒಬ್ಬ ಜೇನು ಸಾಕುತ್ತಿದ್ದ ಮುದುಕ ತೀರಿಕೊಂಡ. ಅವನ ಮನೆಯವರು ಯಾವ ಬಂದರಿನಲ್ಲಿ ಇಳಿದರೋ ಯಾರಿಗೂ ಗೊತ್ತಿರಲಿಲ್ಲ. ಅವನ ಸಾಲು ಓಣಿಯ ಅರ್ಧ ಜನಕ್ಕೆ ಬಾಯಿಪಾಠವಾಗಿತ್ತು. ಅವನ ನೆರೆಹೊರೆಯಲ್ಲೇ ಬೆಳೆದವರು ಅವರು. ಆದರೂ ಹೇಳುವ ಹಕ್ಕಿದ್ದವರು ಒಬ್ಬರೂ ಇರಲಿಲ್ಲ. ಮಣ್ಣು ಮಾಡಲು ತೋಡಿದ ಹಳ್ಳದ ಸುತ್ತ ಎಲ್ಲರೂ ತಲೆತಗ್ಗಿಸಿ ನಿಂತರು. ಯಾರಾದರೂ ಬಂದಾರು ಎಂಬಂತೆ ಹಿರಿಯಜ್ಜ ದಾರಿಯ ಕಡೆ ನೋಡಿದ. ನೋಡಿ ನೋಡಿ ಕೊನೆಗೆ ಒಂದು ಹಿಡಿ ಮಣ್ಣು ಹಾಕಿದ. ಹೆಸರಿಲ್ಲದೆ ಬಿದ್ದ ಆ ಮಣ್ಣಿನ ಸದ್ದನ್ನು ಕೇಳಿಸಿಕೊಂಡು ಅಕ್ಕ ಮನೆಗೆ ಬಂದಳು. ಅಂದು ನೂಲುವ ರಾಟೆ ಮುಟ್ಟಲಿಲ್ಲ.

ಅದೇ ಓಣಿಯಲ್ಲಿ ಒಬ್ಬ ಬಡಗಿ ಇದ್ದ. ಅವನ ಅಪ್ಪ ಅಜ್ಜ ತೂಬಿನ ಬಾಗಿಲು ಮಾಡುತ್ತಿದ್ದವರು. ಇಲ್ಲಿ ತೂಬಿಲ್ಲವಾದ್ದರಿಂದ ಅವನು ಪೀಪಾಯಿ ಮಾಡುತ್ತಿದ್ದ. ಮಾತು ಕಡಿಮೆ, ನಗು ಜಾಸ್ತಿ. ಅಕ್ಕನ ರಾಟೆ ಕೆಟ್ಟರೆ ರಿಪೇರಿಗೆ ಬರುತ್ತಿದ್ದ. ಆಮೇಲಾಮೇಲೆ ರಾಟೆ ಕೆಡದಿದ್ದರೂ ಬರತೊಡಗಿದ. ಅವನಿಗೆ ಸಾಲು ಹೇಳಲು ಸೋದರತ್ತೆಯೊಬ್ಬಳು ಇದ್ದಳು. ಅಕ್ಕನಿಗೆ ಯಾರೂ ಇರಲಿಲ್ಲ.

"ಬಿಟ್ಟುಬಿಡೋಣ" ಎಂದ ಬಡಗಿ. "ಬೇರೆ ಊರಿಗೆ ಹೋಗಿ ಇರೋಣ. ಯಾರು ಕೇಳ್ತಾರೆ?"

"ಯಾರೂ ಕೇಳಲ್ಲ."

"ಮತ್ತೆ?"

ಅಕ್ಕ ರಾಟೆಯ ಗಾಲಿಯನ್ನು ಬೆರಳಿನಿಂದ ಸವರುತ್ತಿದ್ದಳು. "ಹೇಳೋರಿಲ್ಲದೆ ನಾನು ಮದುವೆಯಾದರೆ, ನನ್ನೋರು ಯಾರೂ ಉಳಿದಿಲ್ಲ ಅಂತ ನಾನೇ ಒಪ್ಪಿಕೊಂಡ ಹಾಗೆ. ಅವರನ್ನ ನಾನೇ ಹೂತ ಹಾಗೆ. ಅದು ನನ್ನಿಂದ ಆಗಲ್ಲ."

"ಹಾಗಾದರೆ ಹುಡುಕಿಕೊಂಡು ಬಾ" ಎಂದ ಬಡಗಿ. "ನಾನು ಇಲ್ಲೇ ಇರ್ತೀನಿ." ಮರುದಿನ ಅವಳಿಗೆ ಒಂದು ಜೊತೆ ಮರದ ಪಾದುಕೆ ಕೆತ್ತಿ ಕೊಟ್ಟ, ಒಳಗೆ ಕುರಿಯ ಉಣ್ಣೆ ತುಂಬಿ.

ಅಕ್ಕ ಕರಾವಳಿ ಹಿಡಿದು ನಡೆದಳು. ತನ್ನ ಸಾಲು ಹೇಳುವ ಹಾಗಿರಲಿಲ್ಲ, ಆದರೆ ತಂಗಿಯ ಸಾಲು ಹೇಳುವುದು ಅವಳ ಹಕ್ಕು. ಯಾವ ಬಂದರಿಗೆ ಹೋದರೂ ಹೆಂಗಸರು ಬಟ್ಟೆ ಒಗೆಯುವ ಕಡೆ, ನೀರು ಸೇದುವ ಕಡೆ, ಮೀನು ಹರಡುವ ಕಡೆ ನಿಂತು ಹೇಳುತ್ತಿದ್ದಳು. ಉಬ್ಬರದವಳು. ಅವಳ ತಾಯಿ ತೂಬು ಕಾದವಳು. ಅವಳ ತಂದೆ ಉಪ್ಪುಹುಲ್ಲು ಕೊಯ್ದವನು. ಬೇರೆ ಮಾತಿನ ಜನ ಇವಳಿಗೆ ತಲೆ ಕೆಟ್ಟಿದೆ ಎಂದು ರೊಟ್ಟಿಯ ಚೂರು ಕೊಡುತ್ತಿದ್ದರು. ಅವಳು ಅದನ್ನು ಬೇಡವೆನ್ನುತ್ತಿರಲಿಲ್ಲ.

ಎಲ್ಲ ಬಂದರಿನಲ್ಲೂ ಒಂದು ಹಿಂದಿನ ಓಣಿ ಇರುತ್ತಿತ್ತು. ಅಲ್ಲಿಂದ ಯಾರಾದರೂ ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಿದ್ದರು. "ಏರಿಯವಳೇನಮ್ಮಾ ನೀನು? ಇನ್ನೊಂದು ಸಲ ಹೇಳು." ಅವಳು ಹೇಳುತ್ತಿದ್ದಳು. ಅವರು ತಲೆಯಾಡಿಸುತ್ತಿದ್ದರು. ತಂಗಿ ಅಲ್ಲಿಲ್ಲ. ಆದರೆ ಊಟ ಹಾಕಿ, ಕಾಲಿಗೆ ಬಿಸಿನೀರು ಕೊಟ್ಟು, ಹೊರಡುವಾಗ ಮೆಲ್ಲಗೆ ಕೇಳುತ್ತಿದ್ದರು: "ಮುಂದಿನ ಊರಲ್ಲಿ ನನ್ನ ಅಣ್ಣನ ಸಾಲೂ ಒಂದು ಸಲ ಹೇಳ್ತೀಯಾ? ಹಕ್ಕು ನಿನ್ನದಲ್ಲ, ಗೊತ್ತು. ನನ್ನ ಬಾಯಿ ಅಂದುಕೊಂಡು ಹೇಳು."

ಹಾಗೆ ಅವಳ ಬಾಯಲ್ಲಿ ಬೇರೆಯವರ ಸಾಲುಗಳೂ ಸೇರಿದವು. ಮರೆಯದಿರಲು ನಡಿಗೆಯ ತಾಳಕ್ಕೆ ಹಾಕಿಕೊಂಡು ಹೇಳುತ್ತ ಹೋಗುತ್ತಿದ್ದಳು. ಒಂದು ಮೀನುಪೇಟೆಯಲ್ಲಿ ಅವಳು ಯಾರದೋ ಅಣ್ಣನ ಸಾಲು ಹೇಳುತ್ತಿದ್ದಾಗ, ಮೀನು ಸೀಳುತ್ತಿದ್ದ ದಪ್ಪ ಗಂಡಸೊಬ್ಬ ಚೂರಿ ಕೆಳಗಿಟ್ಟ. ಕೈ ಒರೆಸಿಕೊಳ್ಳುವುದನ್ನೂ ಮರೆತು ಎದುರು ಬಂದು ನಿಂತ. "ಅದು ನಾನು" ಎಂದ. "ಅದು ನನ್ನದು. ಯಾರು ಹೇಳಿ ಕಳಿಸಿದ್ದು? ಬದುಕಿದಾಳಾ?"

"ಬದುಕಿದಾಳೆ. ದಕ್ಷಿಣದ ಬಂದರಿನಲ್ಲಿ. ರೊಟ್ಟಿ ಸುಡ್ತಾಳೆ. ಚೆನ್ನಾಗಿ ಸುಡ್ತಾಳೆ."

ಆ ಗಂಡಸು ಅಲ್ಲೇ ಮೀನಿನ ಬುಟ್ಟಿಯ ಮೇಲೆ ಕುಳಿತು ಮಕ್ಕಳ ಹಾಗೆ ಅತ್ತ. ಅಕ್ಕ ಅವನ ತಲೆಯ ಮೇಲೆ ಕೈಯಿಟ್ಟು ನಿಂತಳು. ಅವಳಿಗೆ ಸಂತೋಷವೂ ಆಗಿತ್ತು, ಹೊಟ್ಟೆಕಿಚ್ಚೂ ಆಗಿತ್ತು. ಎರಡನ್ನೂ ನುಂಗಿಕೊಂಡು ಮುಂದೆ ನಡೆದಳು. ಹೀಗೆ ಎಷ್ಟೋ ಮನೆಯವರು ಅವಳಿಂದ ಒಬ್ಬರಿಗೊಬ್ಬರು ಸಿಕ್ಕರು. ಅವಳ ಮನೆಯವರ ಸುದ್ದಿ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಪಾದುಕೆಯೊಳಗಿನ ಉಣ್ಣೆ ಸವೆದು ಬೇರೆ ಉಣ್ಣೆ ತುಂಬಿದಳು. ಅದೂ ಸವೆಯಿತು.

ಕೊನೆಗೆ ಒಂದು ತಣ್ಣನೆಯ ಊರಿನ ಬಾವಿಕಟ್ಟೆಯಲ್ಲಿ ಒಬ್ಬಳು ಸೂಲಗಿತ್ತಿ ಅವಳ ತೋಳು ಹಿಡಿದುಕೊಂಡಳು. ಏರಿಯ ನಾಡಿನವಳೇ, ಹಲ್ಲು ಬಿದ್ದ ಮುದುಕಿ.

"ತೂಬು ಕಾದವಳ ಮಗಳಾ ನೀನು? ನಾನು ಆ ಹಡಗಿನಲ್ಲೇ ಇದ್ದೆ ಮಗಾ."

ಅಕ್ಕ ಕೇಳುವ ಮೊದಲೇ ಮುದುಕಿ ಹೇಳಿದಳು. "ನಿಮ್ಮಮ್ಮ ನೀರಿನ ಮೇಲೇ ಹೋದಳು. ಜ್ವರ. ಕಷ್ಟಪಡಲಿಲ್ಲ."

"ಅವಳ ಸಾಲು?" ಎಂದಳು ಅಕ್ಕ. "ಅಮ್ಮನ ಸಾಲು ಯಾರು ಹೇಳಿದರು?"

"ಸಣ್ಣದು ಹೇಳಿತು. ಅವಳ ಮಡಿಲಲ್ಲಿತ್ತಲ್ಲ, ಆ ಸಣ್ಣದು. ಅರ್ಧ ತೊದಲು, ಅರ್ಧ ತಪ್ಪು. ಸೇಬಿನ ಸಸಿಯವಳನ್ನ ಎರಡು ಸಲ ಹೇಳಿತು. ಯಾರೂ ತಿದ್ದಲಿಲ್ಲ ಮಗಾ. ಅದು ಹೇಳಿ ಮುಗಿಸಿದ ಮೇಲೇ ನೀರಿಗೆ ಬಿಟ್ಟದ್ದು."

ಇಬ್ಬರೂ ಬಾವಿಕಟ್ಟೆಯ ಮೇಲೆ ಕುಳಿತರು. ಬಿಸಿಲಿತ್ತು, ಆದರೆ ಕಾಯಿಸುವ ಬಿಸಿಲಲ್ಲ. ಮುದುಕಿ ತನ್ನ ಹೊದಿಕೆಯ ಅರ್ಧವನ್ನು ಅಕ್ಕನ ಹೆಗಲಿಗೆ ಹಾಕಿದಳು. ಮಗುವನ್ನು ದೀಪಸ್ತಂಭದ ಊರಿನಲ್ಲಿ ಇಳಿಸಿದರೆಂದೂ, ಅಲ್ಲಿನ ಹಗ್ಗ ಹೊಸೆಯುವ ಹೆಂಗಸೊಬ್ಬಳು ಎತ್ತಿಕೊಂಡು ಹೋದಳೆಂದೂ ಹೇಳಿದಳು. ಆ ಹೆಂಗಸು ಬೇರೆ ಮಾತಿನವಳು, ಸಿಪಾಯಿಗಳ ಮಾತಿನವಳು.

ದೀಪಸ್ತಂಭದ ಊರಿನಲ್ಲಿ ಹಗ್ಗದ ಚಾವಡಿ ಹುಡುಕುವುದು ಕಷ್ಟವಾಗಲಿಲ್ಲ. ಬೀದಿಯಷ್ಟು ಉದ್ದದ ಮಾಡು. ಒಳಗೆ ಜನ ಸೊಂಟಕ್ಕೆ ನಾರು ಸುತ್ತಿಕೊಂಡು, ಬೆರಳ ಸಂದಿನಿಂದ ನಾರು ಬಿಡುತ್ತ, ಹಿಂದುಹಿಂದಕ್ಕೆ ನಡೆಯುತ್ತಿದ್ದರು. ಅವರು ಹಿಂದಕ್ಕೆ ಹೋದಷ್ಟೂ ಹಗ್ಗ ಮುಂದಕ್ಕೆ ಬೆಳೆಯುತ್ತಿತ್ತು.

ಬಾಗಿಲಲ್ಲಿ ದಪ್ಪ ಕೈಗಳ, ನರೆತ ಕೂದಲಿನ ಹೆಂಗಸೊಬ್ಬಳು ನಿಂತಿದ್ದಳು. ಮಳೆ ಹನಿಯುತ್ತಿತ್ತು. ಅಕ್ಕ ದಾರಿಯಲ್ಲಿ ಕಲಿತ ಅವಳ ಮಾತಿನಲ್ಲಿ, ಒಂದೊಂದೇ ಪದ ಹುಡುಕುತ್ತ ಕೇಳಿದಳು: "ಏರಿಯ ನಾಡಿನ ಹುಡುಗಿ. ಹಡಗಿನಲ್ಲಿ ಬಂದವಳು. ಇಲ್ಲಿ ಇದಾಳಾ?"

ಹಗ್ಗದವಳು ಇವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಇಲ್ಲ" ಎಂದಳು. "ಅಂಥವಳು ಯಾರೂ ಇಲ್ಲ."

ಅಕ್ಕ ನಂಬಿದಳು. ನಂಬದಿರಲು ಅವಳಿಗೆ ಶಕ್ತಿ ಇರಲಿಲ್ಲ. ಹೊಸ್ತಿಲ ಮೇಲೆ ತನ್ನ ಕಾಲಿನಿಂದ ಕೆಸರಾಗಿದ್ದು ಕಂಡಿತು. ಬಗ್ಗಿ, ಹೊದಿಕೆಯ ಅಂಚಿನಿಂದ ಹೊಸ್ತಿಲು ಒರೆಸಿ, ತಿರುಗಿ ಹೊರಟಳು.

"ನಿಲ್ಲು" ಎಂದಳು ಹಗ್ಗದವಳು. ಅವಳ ದನಿ ಬದಲಾಗಿತ್ತು. "ಯಾಕೆ ಒರೆಸಿದೆ?"

"ನಮ್ಮಲ್ಲಿ ಹಾಗೆ."

"ಅವಳೂ ಒರೆಸ್ತಾಳೆ. ಯಾಕೆ ಅಂತ ಅವಳಿಗೇ ಗೊತ್ತಿಲ್ಲ. ನಾನು ಎಷ್ಟು ಬೈದಿದೀನಿ, ಬಟ್ಟೆ ಕೊಳೆ ಮಾಡ್ಕೋತೀಯಾ ಅಂತ." ಹಗ್ಗದವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ನಾನು ಕದ್ದದ್ದಲ್ಲ. ದಡದಲ್ಲಿ ಮೂಟೆಗಳ ನಡುವೆ ಕೂರಿಸಿ ಹೋಗಿದ್ದರು. ಚಳಿಗೆ ನೀಲಿಯಾಗಿತ್ತು. ನೀನು ಕರ್ಕೊಂಡು ಹೋಗೋಕೆ ಬಂದಿದೀಯಾ?"

"ನೋಡೋಕೆ ಬಂದಿದೀನಿ" ಎಂದಳು ಅಕ್ಕ. "ಮೊದಲು ನೋಡಬೇಕು."

ಹಗ್ಗದವಳು ಚಾವಡಿಯ ಒಳಕ್ಕೆ ತಿರುಗಿ ಒಂದು ಹೆಸರು ಕೂಗಿದಳು. ಅದು ಅಕ್ಕನಿಗೆ ಗೊತ್ತಿರದ ಹೆಸರು. ದೂರದ ಕೊನೆಯಲ್ಲಿ ಹಿಂದಕ್ಕೆ ನಡೆಯುತ್ತಿದ್ದ ಒಬ್ಬಳು ನಿಂತು ತಿರುಗಿದಳು. ಸೊಂಟದ ನಾರು ಬಿಚ್ಚಿಟ್ಟು ಬಂದಳು. ಎತ್ತರದ ಹೆಣ್ಣು, ಬಸುರಿ, ತಾಯಿಯ ಹಣೆ.

ಅವರು ಅಪ್ಪಿಕೊಳ್ಳಲಿಲ್ಲ. ತಂಗಿಗೆ ಅಕ್ಕ ಗೊತ್ತಿರಲಿಲ್ಲ, ಅಕ್ಕನ ಮಾತೂ ಗೊತ್ತಿರಲಿಲ್ಲ. "ನನಗೆ ನೆನಪೇ ಇಲ್ಲ" ಎಂದಳು, ತಪ್ಪು ಮಾಡಿದವಳ ಹಾಗೆ. "ಸುಟ್ಟ ವಾಸನೆ ಒಂದು. ಯಾರದೋ ಒದ್ದೆ ಕೂದಲು. ಅಷ್ಟೇ."

"ಪರವಾಗಿಲ್ಲ" ಎಂದಳು ಅಕ್ಕ. "ನಿನ್ನದು ನನ್ನ ಹತ್ತಿರ ಇದೆ."

ಒಲೆಯ ಮುಂದೆ ಮೂವರೂ ಕುಳಿತರು. ಹಗ್ಗದವಳು ಬಟ್ಟಲಿಗೆ ಗಂಜಿ ಬಡಿಸಿದಳು. ಅಕ್ಕ ಎದ್ದು ನಿಂತು ತಂಗಿಯ ಸಾಲು ಹೇಳಿದಳು. ಬಾವಿಕಟ್ಟೆಗಳಲ್ಲಿ, ಮೀನುಪೇಟೆಗಳಲ್ಲಿ ಸಿಕ್ಕಸಿಕ್ಕವರ ಮುಂದೆ ಹೇಳಿದ್ದನ್ನು ಈಗ ಅದು ಸೇರಬೇಕಾದವಳ ಮುಂದೆ ಹೇಳಿದಳು. ತಂಗಿ ಒಂದೊಂದು ಹೆಸರಿನ ಅರ್ಥ ಕೇಳಿದಳು. ತೂಬು ಎಂದರೇನು, ಉಪ್ಪುಹುಲ್ಲನ್ನು ದನ ತಿನ್ನುತ್ತವೆಯೇ, ಸಸಿಯನ್ನು ಅಷ್ಟು ದೂರದಿಂದ ಹೇಗೆ ತಂದಳು. ಅಕ್ಕ ಗೊತ್ತಿದ್ದಷ್ಟು ಹೇಳಿದಳು. "ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಗುವಿನ ಹಾಗೆ ಮಲಗಿಸಿಕೊಂಡು ತಂದಳಂತೆ."

"ನಿನ್ನದು?" ಎಂದಳು ತಂಗಿ. "ನಿನ್ನ ಸಾಲು ಹೇಳು."

"ನನ್ನ ಹೆಸರು ಇಳಿತದವಳು. ಸಾಲು ಮಾತ್ರ ನಾನು ಹೇಳೋ ಹಾಗಿಲ್ಲ."

ಬೆಳಿಗ್ಗೆ ಎದ್ದಾಗ ಅಕ್ಕ ಚಾವಡಿಯ ಕಡೆ ಹೋದಳು. ತಂಗಿ ಸೊಂಟಕ್ಕೆ ನಾರು ಸುತ್ತಿಕೊಂಡು ಹಿಂದಕ್ಕೆ ನಡೆಯುತ್ತಿದ್ದಳು, ಅಕ್ಕ ನಿಂತ ಕಡೆಗೇ ಬೆನ್ನು ಮಾಡಿ ಬರುತ್ತಿದ್ದಳು. ಏನನ್ನೋ ಗೊಣಗುತ್ತಿದ್ದಳು. ಹತ್ತಿರವಾದಂತೆ ಕೇಳಿಸಿತು. ನಾಲಿಗೆ ಹೊರಳದೆ, ಉಚ್ಚಾರ ಎಡವುತ್ತ, ಏರಿಯ ಮಾತು. "ಇಳಿತದವಳು. ಅವಳ ತಾಯಿ ತೂಬು ಕಾದವಳು. ಅವಳ ತಂದೆ..."

ಅಕ್ಕ ಕಂಬಕ್ಕೆ ಒರಗಿದಳು. ಕೆಸರಿನ ದಡದಲ್ಲಿ ನಿಂತ ದಿನದಿಂದ ಈಚೆಗೆ ಅದನ್ನು ಯಾರ ಬಾಯಿಂದಲೂ ಅವಳು ಕೇಳಿರಲಿಲ್ಲ. ತಂಗಿಗೆ ನೆನಪಾದದ್ದಲ್ಲ. ನಾವಿಬ್ಬರೂ ಒಂದೇ ಮನೆಯವರಾದರೆ ಮೊದಲ ಹೆಸರೊಂದನ್ನು ಬದಲಿಸಿದರೆ ಸಾಕಲ್ಲ ಎಂದು ಅವಳು ರಾತ್ರಿಯೆಲ್ಲ ಯೋಚಿಸಿ ಕಂಡುಕೊಂಡಿದ್ದಳು. ತಂಗಿಯ ಬೆನ್ನು ಅಕ್ಕನ ಎದೆಗೆ ತಾಕಿತು. ಇಬ್ಬರೂ ಹಾಗೇ ನಿಂತರು. ಹಗ್ಗ ಸಡಿಲಾಗಿ ನೆಲಕ್ಕೆ ಇಳಿಯಿತು. ಅತ್ತ ಕಡೆಯಿಂದ ಯಾರೋ ಬೈದರು.

ಮದುವೆಗೆ ಬರಲು ತಂಗಿ ಒಪ್ಪಿದಳು. ಅವಳ ಗಂಡ ಹಡಗಿನ ಕೆಲಸಕ್ಕೆ ಹೋಗಿದ್ದ. "ಹೋಗಿ ಬರ್ತೀನಮ್ಮಾ" ಎಂದು ಹಗ್ಗದವಳಿಗೆ ಹೇಳಿದಳು. ಹಗ್ಗದವಳು ಬುತ್ತಿ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ದೋಣಿಯವರೆಗೆ ಬಂದಳು. ಅಕ್ಕನ ಕೈಯನ್ನು ತನ್ನ ಒರಟು ಕೈಯಲ್ಲಿ ಹಿಡಿದು, "ವಾಪಸ್ ಕಳಿಸು" ಎಂದಳು. ಅಷ್ಟೇ ಹೇಳಿದಳು.

ಬಡಗಿ ಹೇಳಿದಂತೆ ಅಲ್ಲೇ ಇದ್ದ. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಅಕ್ಕ ಓಣಿಗೆ ಬಂದಾಗ ಅವನು ಪೀಪಾಯಿಗೆ ಪಟ್ಟಿ ಬಿಗಿಯುತ್ತಿದ್ದ. ತಲೆಯೆತ್ತಿ ನೋಡಿ, ಅವಳ ಹಿಂದೆ ನಿಂತವಳನ್ನು ನೋಡಿ, ಸುತ್ತಿಗೆ ಕೆಳಗಿಟ್ಟ. "ಪಾದುಕೆ ತಾಳಿತಾ?" ಎಂದ.

ಮದುವೆಗೆ ಓಣಿಯವರೆಲ್ಲ ಬಂದರು. ಬಡಗಿಯ ಅತ್ತೆ ಅವನ ಸಾಲು ಹೇಳಿ ಕುಳಿತಳು. ಆಮೇಲೆ ತಂಗಿ ಎದ್ದಳು. ದಾರಿಯುದ್ದಕ್ಕೂ ರೂಢಿ ಮಾಡಿಕೊಂಡಿದ್ದಳು. ಒಂದು ಹೆಸರೂ ತಪ್ಪಲಿಲ್ಲ. ಮೊದಲ ಬುಟ್ಟಿ ಮಣ್ಣು ಹೊತ್ತವನ ತನಕ ಹೋಗಿ ನಿಂತಾಗ ಮುದುಕರು ಕಣ್ಣೊರೆಸಿಕೊಂಡರು. ಇನ್ನು ಉಳಿದದ್ದು ಕೊನೆಯ ಮಾತು. ಸಾಲು ಹೇಳಿದವರು ತಾವು ಯಾರ ಮಕ್ಕಳು ಎಂದು ಹೇಳಿ ಮುಗಿಸಬೇಕು.

"ಹೇಳಿದವಳು ಇವಳ ತಂಗಿ" ಎಂದಳು. "ಹಗ್ಗ ಹೊಸೆಯುವವಳ ಮಗಳು."

ಹಿರಿಯಜ್ಜ ಮುಂದಕ್ಕೆ ಬಾಗಿದ. "ಯಾರ ಮಗಳು? ಸರಿಯಾಗಿ ಹೇಳಮ್ಮಾ."

"ಹಗ್ಗ ಹೊಸೆಯುವವಳ ಮಗಳು."

"ಅದು ಅವರ ಪೈಕಿ ಹೆಂಗಸಲ್ಲವಾ? ನಮ್ಮ ಮನೆಗಳನ್ನ ಸುಟ್ಟವರ ಪೈಕಿ." ಅಜ್ಜನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಾಗಿತ್ತು. "ತೂಬು ಕಾದವಳ ಮಗಳು ಅನ್ನು. ಅನ್ನದಿದ್ದರೆ ನೀನು ಈ ಮನೆಯವಳಲ್ಲ. ನೀನು ಹೇಳಿದ ಸಾಲು ನಿಲ್ಲೋದಿಲ್ಲ. ಈ ಮದುವೆಯೂ ನಿಲ್ಲೋದಿಲ್ಲ."

ತಂಗಿಗೆ ಎಲ್ಲ ಮಾತು ತಿಳಿಯಲಿಲ್ಲ, ಆದರೆ ಏನು ಕೇಳುತ್ತಿದ್ದಾರೆಂದು ತಿಳಿಯಿತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಕ್ಕನ ಕಡೆ ನೋಡಿದಳು. "ಅವಳನ್ನ ಬಿಡು ಅಂತಿದಾರಾ?"

"ಹೌದು" ಎಂದಳು ಅಕ್ಕ.

"ನನ್ನಿಂದ ಆಗಲ್ಲ ಅಕ್ಕಾ."

ಅಕ್ಕ ಎಂಬ ಪದ ಅವಳ ಬಾಯಲ್ಲಿ ಬಂದದ್ದು ಅದೇ ಮೊದಲ ಸಲ. ಅಕ್ಕ ಬಡಗಿಯನ್ನು ನೋಡಿದಳು. ಇಷ್ಟು ವರ್ಷ ಕಾದವನು ಅವನು. ಅವನು ಮೆಲ್ಲಗೆ ತಲೆಯಾಡಿಸಿದ. ನಿನಗೆ ತೋಚಿದ ಹಾಗೆ ಮಾಡು ಎಂಬಂತೆ. ಮದುಮಗಳು ಸಾಲಿನ ಹೊತ್ತಿನಲ್ಲಿ ಏಳುವ ಪದ್ಧತಿ ಇರಲಿಲ್ಲ. ಅಕ್ಕ ಎದ್ದಳು.

"ನನ್ನ ಸಾಲು ನಾನು ಹೇಳೋ ಹಾಗಿಲ್ಲ ಅಜ್ಜಾ. ತಂಗಿಯದು ಹೇಳಬಹುದಲ್ಲ?"

"ಹೇಳಬಹುದು" ಎಂದ ಅಜ್ಜ, ಒಪ್ಪಲೇಬೇಕಾಗಿ.

"ಉಬ್ಬರದವಳು" ಎಂದಳು ಅಕ್ಕ. ಕರಾವಳಿಯುದ್ದಕ್ಕೂ ಹೇಳಿ ಹೇಳಿ ಪಳಗಿದ ದನಿ. "ಅವಳನ್ನು ಹೆತ್ತವಳು ತೂಬು ಕಾದವಳು. ದಡದಿಂದ ಎತ್ತಿಕೊಂಡವಳು ಹಗ್ಗ ಹೊಸೆಯುವವಳು. ಇಬ್ಬರೂ ಅವಳ ತಾಯಂದಿರು." ಮುಂದಿನ ಹೆಸರುಗಳನ್ನು ಒಂದೂ ಬಿಡದೆ ಹೇಳಿ, ನಿಂತಳು. "ಹೇಳಿದವಳು ಅವಳ ಅಕ್ಕ, ತೂಬು ಕಾದವಳ ಮಗಳು. ಜನರ ಮುಂದೆ ಒಮ್ಮೆ ಹೇಳಿದ ಸಾಲನ್ನು ಯಾರೂ ತಿದ್ದೋ ಹಾಗಿಲ್ಲ. ಅದೂ ಕಟ್ಟಳೆಯೇ ಅಲ್ಲವಾ ಅಜ್ಜಾ?"

ಅಜ್ಜನೂ ಹೆಂಡತಿಯನ್ನು ಒಂದು ಹಡಗಿಗೆ, ಮಗನನ್ನು ಇನ್ನೊಂದು ಹಡಗಿಗೆ ಕೊಟ್ಟವನು. ಆ ಮಗನನ್ನೂ ದಡದಲ್ಲಿ ಯಾರಾದರೂ ಎತ್ತಿಕೊಂಡಿರಬಹುದು, ಬೇರೆ ಮಾತಿನ ಯಾರೋ. ಅವನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ತಂಗಿಯ ಕಡೆ ತಿರುಗಿ ಕೇಳಿದ: "ಆ ಹೆಂಗಸು ನಿನಗೆ ಹೊಟ್ಟೆ ತುಂಬ ಹಾಕಿದಳಾ?"

ಅಕ್ಕ ಅದನ್ನು ತಂಗಿಯ ಮಾತಿಗೆ ತಿರುಗಿಸಿದಳು. ತಂಗಿ ನಕ್ಕಳು. "ತನಗೆ ಇಲ್ಲದಿದ್ದಾಗಲೂ."

ಅಜ್ಜ ಬೋಗುಣಿಯಿಂದ ನೀರು ತೆಗೆದು ಮದುಮಕ್ಕಳ ಕೈಗೆ ಹಾಕಿದ. ಮದುವೆ ಆಯಿತು.

ತಂಗಿ ಹೇಳಿದಂತೆ ವಾಪಸ್ ಹೋದಳು. ವರ್ಷಕ್ಕೊಮ್ಮೆ ಅವಳೋ ಇವಳೋ ದೋಣಿ ಹತ್ತುತ್ತಿದ್ದರು. ಅಕ್ಕನ ಮಕ್ಕಳಿಗೂ ತಂಗಿಯ ಮಕ್ಕಳಿಗೂ ಒಬ್ಬರ ಮಾತು ಒಬ್ಬರಿಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಜಗಳವಾಡುವುದಕ್ಕೆ ಅಷ್ಟು ಸಾಕಾಗುತ್ತಿತ್ತು.

ಹಗ್ಗದವಳು ತೀರಿಕೊಂಡಾಗ ಅಕ್ಕ ಆ ಊರಿಗೆ ಹೋದಳು. ಆ ಜನರಲ್ಲಿ ಸಾಲು ಹೇಳುವ ರೂಢಿ ಇರಲಿಲ್ಲ. ಪ್ರಾರ್ಥನೆ ಮುಗಿಸಿ ಇನ್ನೇನು ಮಣ್ಣು ಹಾಕಬೇಕು, ಅಷ್ಟರಲ್ಲಿ ಅಕ್ಕ ತಂಗಿಯ ಕಡೆ ನೋಡಿದಳು. ತಂಗಿ ಅವಳ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ಕಳಿಸಿದಳು. ಅಕ್ಕ ಹಳ್ಳದ ಅಂಚಿಗೆ ಬಂದು ನಿಂತಳು.

"ಇವಳ ಹಿಂದಿನವರು ಯಾರು ಅಂತ ನನಗೆ ಗೊತ್ತಿಲ್ಲ. ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ. ಮುಂದಿನವರನ್ನ ಹೇಳ್ತೀನಿ."

ಹಗ್ಗ ಹೊಸೆಯುವವಳು, ಎಂದು ಶುರು ಮಾಡಿದಳು. ಅವಳ ಮಗಳು ಉಬ್ಬರದವಳು. ಅವಳ ಮಗ ಸುಳಿಗಾಳಿಯಲ್ಲಿ ಹುಟ್ಟಿದವನು. ಅವನ ಹೆಂಡತಿ ದೀಪಕ್ಕೆ ಎಣ್ಣೆ ಹೊರುವವಳು. ಹೆಸರು ಬಂದಾಗ ಒಬ್ಬೊಬ್ಬರೂ ತಲೆಯೆತ್ತಿ ನೋಡಿದರು. ದೀಪದವಳ ಸೊಂಟದ ಮೇಲೆ, ಬೆರಳು ಚೀಪುತ್ತಿದ್ದ ಕೂಸಿನವರೆಗೆ ಹೇಳಿ ಅಕ್ಕ ನಿಲ್ಲಿಸಿದಳು. ಅಲ್ಲಿಂದ ಮುಂದಿನವರು ಇನ್ನೂ ಹುಟ್ಟಿರಲಿಲ್ಲ.